ಮಲಾಯದ ಕುಲೆಗೆ ಬೆಳ್ತಂಗಡಿಯ ಮನೆ

ರಕ್ತ ಹೀರುವ ಪಿಶಾಚಿಯ ಸಿನಿಮಾ ಎಂದ ಕೂಡಲೇ ಕರಿ ನಿಲುವಂಗಿಯ ಬಿಳಿ ದೊರೆಯನ್ನು ನೆನೆಸುವವರು ಪಾಣೆಮಂಗಳೂರಿನಲ್ಲಿ ಬಾವಾನ ಸಂಚಾರಿ ಸಿನಿಮಾ ಟೆಂಟಿನ ಹೊಯ್ಗೆಯ, ಅಂದರೆ ಮರಳಿನ, ಮೇಲೆ ಕೂತವರಲ್ಲ. ಬಾವಾ ಮೂರು ವರ್ಷಗಳಲ್ಲಿ ಮೂರು ಪಿಶಾಚಿಗಳನ್ನು ತಂದ. ಮೂರೂ ನಮ್ಮ ಏಷ್ಯಾದವೇ. ಜಪಾನಿನ ಪಿಶಾಚಿ ಕೋಟು ಹಾಕಿಕೊಂಡು ಆಫೀಸಿಗೆ ಹೋಗುತ್ತಿತ್ತು. ಅಂಥವರನ್ನು ಬೀಡಿ ಕಂಟ್ರಾಕ್ಟರರ ರೂಪದಲ್ಲಿ ದಿನಾ ನೋಡುತ್ತಿದ್ದುದರಿಂದ ಯಾರೂ ಹೆದರಲಿಲ್ಲ. ಮನಿಲಾದ್ದು ಪರವಾಗಿಲ್ಲ, ಒಮ್ಮೆ ನೋಡಬಹುದು. ಅದರಲ್ಲಿ ಹೆಂಗಸೊಬ್ಬಳು ಸೊಂಟದಲ್ಲಿ ಎರಡು ತುಂಡಾಗಿ ಮೇಲಿನ ಅರ್ಧ ಮಾತ್ರ ಹಾರಿಹೋಗುತ್ತದೆ. ಆದರೆ ನೋಡಲೇಬೇಕಾದದ್ದು ಮಲಾಯದ್ದು. ಅದನ್ನೂ ಸಂಕಪ್ಪನ ಬಾಯಲ್ಲಿ ಕೇಳುತ್ತಾ ನೋಡಬೇಕಿತ್ತು. ಅದು ಈಗ ಯಾರಿಗೂ ಸಿಗುವ ಹಾಗಿಲ್ಲ. ಹಾಗಾಗಿ ಸಂಕಪ್ಪನ ವಿಷಯವನ್ನಾದರೂ ಬರೆದಿಡುತ್ತೇನೆ.

ಸಂಕಪ್ಪ ಬೆಳ್ತಂಗಡಿ ಕಡೆಯವನು, ಗೇಣಿ ಒಕ್ಕಲಿನ ಮಗ. ಹನ್ನೆರಡು ವರ್ಷಕ್ಕೆ ಯಕ್ಷಗಾನದ ಮೇಳಕ್ಕೆ ಸೇರಿ ಕೋಡಂಗಿ ವೇಷದಲ್ಲಿ ಕುಣಿದ. ಗಂಟೆಗಟ್ಟಲೆ ಮಾತಾಡಬಲ್ಲ ಬಾಯಿ ಇತ್ತು, ಆದರೆ ಕೋಡಂಗಿಗೆ ಮಾತಿಲ್ಲ. ಅವನು ಮೇಳದಲ್ಲಿದ್ದಾಗಲೇ ಊರಿನಲ್ಲಿ ಧಣಿಗಳು ಅಪ್ಪನನ್ನು ಒಕ್ಕಲೆಬ್ಬಿಸಿದರು. ಮನೆ ಹೋಯಿತು, ಸ್ವಲ್ಪ ದಿನದಲ್ಲಿ ಅಪ್ಪನೂ ಹೋದ. ಸಂಕಪ್ಪ ಮೇಳ ಬಿಟ್ಟು ಮೂಡಬಿದಿರೆಯ ಸಂತೆಯಲ್ಲಿ ಮೂಟೆ ಹೊರುತ್ತಿದ್ದ. ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಅಲ್ಲಿಗೆ ಬಾವಾನ ಟೆಂಟು ಬಂತು.

ತಮಿಳು ಸಿನಿಮಾ ಹಾಕಿದ್ದರು. ಸಂಕಪ್ಪನಿಗೆ ತಮಿಳು ಬರುತ್ತಿರಲಿಲ್ಲ. ಆದರೂ ಪಕ್ಕದಲ್ಲಿ ಕೂತ ಮುದುಕನಿಗೆ ಕತೆಯನ್ನು ತುಳುವಿನಲ್ಲಿ ಹೇಳತೊಡಗಿದ. ಅರ್ಧ ಆಟ ಆಗುವುದರೊಳಗೆ ಜನ ಪರದೆಯ ಎದುರಿನಿಂದ ಎದ್ದು ಬಂದು ಅವನ ಸುತ್ತ ಕೂತಿದ್ದರು. ಬಾವಾ ಟಾರ್ಚು ಹಿಡಿದು ಬಂದ.

"ಏಯ್, ನಿನಗೆ ತಮಿಳು ಗೊತ್ತುಂಟಾ?"

"ಇಲ್ಲ ಸಾವ್ಕಾರ್ರೆ."

"ಮತ್ತೆ ಹೇಗೆ ಹೇಳ್ತಿ?"

"ಅಳುವವಳು ಹೆಂಡತಿ, ಅಳಿಸುವವಳು ಅತ್ತೆ. ಅದಕ್ಕೆ ತಮಿಳು ಯಾಕೆ?"

ಬಾವಾ ನಮ್ಮ ಕರಾವಳಿಯ ಬ್ಯಾರಿ ಮುಸಲ್ಮಾನ, ಬುದ್ಧಿವಂತ. ಅವನನ್ನು ಹೊರಗೆ ಹಾಕಲಿಲ್ಲ. ಮರುದಿನ ಪರದೆಯ ಬದಿಯಲ್ಲಿ ಹಲಸಿನ ಮರದ ಒಂದು ಸ್ಟೂಲು ಇಟ್ಟು, ಕೈಗೆ ಮೈಕು ಕೊಟ್ಟ. ಸ್ಟೂಲಿನ ಒಂದು ಕಾಲು ಗಿಡ್ಡ. ಅದಕ್ಕೆ ತೆಂಗಿನ ಚಿಪ್ಪಿನ ಚೂರು ಕೊಟ್ಟು ಕೂರಬೇಕು. ಮನೆಯಿಂದ ಎಬ್ಬಿಸಲ್ಪಟ್ಟ ಮನುಷ್ಯನಿಗೆ ಕೂರಲು ಇದು ನನ್ನದು ಎಂದು ಹೇಳಿಕೊಳ್ಳುವ ಜಾಗ ಸಿಕ್ಕಿದ್ದು ಅದೊಂದೇ. ಟೆಂಟು ಮೂಡಬಿದಿರೆಯಿಂದ ಬೆಳ್ತಂಗಡಿಗೆ, ಬೆಳ್ತಂಗಡಿಯಿಂದ ಪಾಣೆಮಂಗಳೂರಿಗೆ ಲಾರಿಯಲ್ಲಿ ಹೋಗುವಾಗ ಪ್ರೊಜೆಕ್ಟರನ್ನು ಆಪರೇಟರ್ ಲೋಕನಾಥ ಅಪ್ಪಿಕೊಂಡರೆ, ಸ್ಟೂಲನ್ನು ಸಂಕಪ್ಪ ಅಪ್ಪಿಕೊಳ್ಳುತ್ತಿದ್ದ.

ಒಂಬತ್ತು ವರ್ಷ ಹೀಗೆ ನಡೆಯಿತು. ಮನಿಲಾದ ತುಂಡು ಹೆಂಗಸು ಹಾರಿದಾಗ ಸಂಕಪ್ಪ, "ಮೇಲಿನ ಅರ್ಧ ಊಟಕ್ಕೆ ಹೋಯ್ತು, ಕೆಳಗಿನ ಅರ್ಧ ಧಣಿಗಳ ಗದ್ದೆಯಲ್ಲಿ ಕೆಸರು ತುಳಿಯುತ್ತಾ ಉಂಟು," ಎಂದಿದ್ದ. ಆ ವಾರವೆಲ್ಲ ಊರಿಗೆ ಊರೇ ಅದನ್ನು ಹೇಳಿ ನಗುತ್ತಿತ್ತು. ಆದರೆ ಕಾಲ ಬದಲಾಗುತ್ತಿತ್ತು. ಕನ್ನಡದ ಚಿತ್ರಗಳು ಹೆಚ್ಚು ಬರತೊಡಗಿದವು, ಶಾಲೆಗೆ ಹೋದವರಿಗೆ ಅವು ಹಾಗೆಯೇ ಅರ್ಥವಾಗುತ್ತಿದ್ದವು. ಅರವತ್ತೊಂದರ ಏಪ್ರಿಲ್‌ನಲ್ಲಿ ಬಾವಾ ಖಡಾಖಂಡಿತವಾಗಿ ಹೇಳಿಬಿಟ್ಟ.

"ಸಂಕಪ್ಪ, ಮಲಾಯದ ಪಿಚ್ಚರು ಬರ್ತಾ ಉಂಟು. ಮಳೆಗೆ ಟೆಂಟು ಬಿಚ್ಚುವವರೆಗೆ ಐದು ಶನಿವಾರ ಉಂಟು. ಹೆಂಗಸರ ಬದಿ ತುಂಬಿಸು. ತುಂಬಿದರೆ ಬರುವ ವರ್ಷ ನಿನ್ನ ಸ್ಟೂಲು ಇರ್ತದೆ. ಇಲ್ಲದಿದ್ರೆ ಅದನ್ನು ಯಾರಿಗಾದ್ರೂ ಮಾರ್ತೇನೆ, ನೀನು ಬೇರೆ ದಾರಿ ನೋಡು."

ಶನಿವಾರ ಯಾಕೆಂದರೆ ಆ ದಿನ ಬಂಟ್ವಾಳ, ನರಿಕೊಂಬಿನ ಕಡೆಯ ಹೆಂಗಸರು ಕಟ್ಟಿದ ಬೀಡಿಯನ್ನು ಪಾಣೆಮಂಗಳೂರಿನ ಡಿಪೋಗೆ ಒಪ್ಪಿಸಲು ಬರುತ್ತಿದ್ದರು. ಒಪ್ಪಿಸಿ, ಖಾಲಿ ಬುಟ್ಟಿ ಹಿಡಿದು ಸಂಜೆಯ ಮೊದಲ ಆಟಕ್ಕೆ ಬಂದು ಕೂರುತ್ತಿದ್ದರು. ಬೀಡಿ ಸಂಘದ ಕರಪತ್ರ ಹಂಚಲು ನಾನೂ ಶನಿವಾರವೇ ಟೆಂಟಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಹಾಗಾಗಿ ಮುಂದಿನದಕ್ಕೆಲ್ಲ ನಾನೇ ಸಾಕ್ಷಿ. ಒಂದು ಭಾಗಕ್ಕೆ ಮಾತ್ರ ಅಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಮಲಾಯದ ಪಿಚ್ಚರಿನ ಪ್ರಿಂಟನ್ನು ಪಿನಾಂಗಿನಲ್ಲಿ ಅಂಗಡಿ ಇಟ್ಟಿದ್ದ ಬಾವಾನ ಭಾವ ಅಗ್ಗಕ್ಕೆ ಹಿಡಿದು ಹಡಗಿನಲ್ಲಿ ಕಳಿಸಿದ್ದ. ಹನ್ನೆರಡು ಡಬ್ಬಿ. ಮೊದಲ ರೀಲಿನಲ್ಲಿ ಒಬ್ಬಳು ಹುಡುಗಿ ಸಾಯುತ್ತಾಳೆ, ಮಣ್ಣು ಮಾಡುತ್ತಾರೆ. ಎರಡನೆಯದರಲ್ಲಿ ಗುಂಡಿಯಿಂದ ಎದ್ದು ಬರುತ್ತಾಳೆ. ನೆಲ ಮುಟ್ಟುವ ಕೂದಲು, ಕಿವಿಯ ಮೇಲೊಂದು ಬಿಳಿ ಹೂವು. ಆಮೇಲೆ ರೀಲಿಗೊಬ್ಬ ಗಂಡಸಿನ ಕುತ್ತಿಗೆಗೆ ಬಾಯಿ ಹಾಕುತ್ತಾ ಹೋಗುತ್ತಾಳೆ. ಹನ್ನೊಂದನೆಯ ರೀಲಿನಲ್ಲಿ ಒಬ್ಬ ಹುಡುಗ ದೊಡ್ಡ ಕಬ್ಬಿಣದ ಮೊಳೆ ಹಿಡಿದು ಅವಳ ಹಿಂದೆ ಬರುತ್ತಾನೆ, ಕೈ ಎತ್ತುತ್ತಾನೆ. ಅಲ್ಲಿಗೆ ರೀಲು ಮುಗಿಯಿತು. ಲೋಕನಾಥ ಹನ್ನೆರಡನೆಯ ಡಬ್ಬಿ ತೆಗೆದು ಹಾಕಿದ.

ಪರದೆಯ ಮೇಲೆ ಮರಗಳು ಬಂದವು. ಸಾಲು ಸಾಲು ಮರ. ಚಡ್ಡಿ ಹಾಕಿದ ಜನ ಬಕೆಟ್ಟು ಹಿಡಿದು ನಡೆದರು, ಮರಕ್ಕೆ ಚಾಕುವಿನಿಂದ ಗೀರು ಹಾಕಿದರು, ಬಿಳಿ ಹಾಲು ಚಿಪ್ಪಿಗೆ ತೊಟ್ಟಿಕ್ಕಿತು. ಪಿನಾಂಗಿನಲ್ಲಿ ಯಾರೋ ಡಬ್ಬಿ ಅದಲುಬದಲು ಮಾಡಿ, ರಬ್ಬರ್ ತೋಟದ ಸರಕಾರಿ ಫಿಲ್ಮನ್ನು ತುಂಬಿಸಿಬಿಟ್ಟಿದ್ದರು. ನಮ್ಮ ಕಡೆ ಆಗ ರಬ್ಬರ್ ಮರ ಕಂಡವರು ಯಾರು? ಸಂಕಪ್ಪ ಗಂಟಲು ಸರಿಮಾಡಿಕೊಂಡ.

"ನೋಡಿ, ಹುಡುಗ ಮೊಳೆ ಹೊಡೆದ. ಹೊಡೆದ ಕೂಡಲೇ ರಾಕ್ಷಸಿ ಮರವಾಗಿಬಿಟ್ಟಳು. ಕುಡಿದ ರಕ್ತವೆಲ್ಲ ಹಾಲಾಯಿತು. ಈಗ ಊರಿನವರು ಅದನ್ನು ಕರೆದುಕೊಳ್ತಾ ಇದ್ದಾರೆ!"

ಗಂಡಸರ ಬದಿಯಲ್ಲಿ ಚಪ್ಪಾಳೆ. ಚಾಪೆಯ ತಟ್ಟಿಯ ಆಚೆ, ಹೆಂಗಸರ ಬದಿಯಲ್ಲಿ, ಒಬ್ಬಳು ಎದ್ದು ನಿಂತಳು. ಜಲಜಾಕ್ಷಿ. ದಿನಕ್ಕೆ ಸಾವಿರ ಬೀಡಿ ಕಟ್ಟುವ ಕೈ, ಅದಕ್ಕೆ ಸರಿಯಾದ ನಾಲಿಗೆ. ಡಿಪೋದಲ್ಲಿ ಬೀಡಿ ತಿರಸ್ಕರಿಸುವವನನ್ನು ನಡುಗಿಸಿದವಳು.

"ಓ ಸಂಕಪ್ಪಣ್ಣ, ಅವಳಿಗೆ ಮದುವೆ ಆಗಿತ್ತಾ?"

"ಯಾರಿಗೆ?"

"ಮತ್ಯಾರಿಗೆ, ನಿನ್ನ ರಾಕ್ಷಸಿಗೆ."

"ಅದು… ಇಲ್ಲ ಅಂತ ಕಾಣ್ತದೆ."

"ಹಾಗಾದ್ರೆ ಅದು ರಾಕ್ಷಸಿ ಎಂತ ಮಾರಾಯ, ಅದು ಕುಲೆ! ಮದುವೆಯಾಗದೆ ಸತ್ತ ಹುಡುಗಿ ಗಂಡು ಹುಡುಕಿಕೊಂಡು ಬಾರದೆ ಇರ್ತಾಳಾ? ಅವಳ ಮನೆಯವರಿಗೆ ಬುದ್ಧಿ ಬೇಡ್ವಾ? ಒಂದು ಎಲೆ ಹಾಕಿ ಬಡಿಸಲಿಲ್ಲ, ಒಂದು ಸಂಬಂಧ ನೋಡಲಿಲ್ಲ. ಮೇಲಿಂದ ಮೊಳೆ ಹೊಡೆದು ಹಾಲು ಕರೆಯುದಾ? ಥೂ!"

ಬುಟ್ಟಿಗಳು ಎದ್ದವು. ಮರುದಿನ ಹೆಂಗಸರ ಬದಿಯಲ್ಲಿ ಎರಡು ನಾಯಿ ಮಲಗಿದ್ದವು.

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು. ಕುಲೆ ಎಂದರೆ ಸತ್ತವರ ಪ್ರೇತ. ಅದಕ್ಕೆ ಯಾರೂ ಅಷ್ಟಾಗಿ ಹೆದರುವುದಿಲ್ಲ. ಅದು ಮನೆಯ ಜನವೇ. ಹಸಿವಾದರೆ ಬಡಿಸಬೇಕು. ಮದುವೆಯಾಗದೆ ಸತ್ತಿದ್ದರೆ, ಹಾಗೆಯೇ ಸತ್ತ ಇನ್ನೊಂದು ಕುಲೆಯನ್ನು ಹುಡುಕಿ, ಹೆಣ್ಣು ಕೇಳಿ, ಜಡಿಮಳೆಯ ಆಟಿ ತಿಂಗಳಲ್ಲಿ ಮದುವೆ ಮಾಡಿಸಬೇಕು. ಇಲ್ಲದಿದ್ದರೆ ಬದುಕಿದವರ ಮದುವೆಗೆ ಅದು ಅಡ್ಡ ಬರುತ್ತದೆ ಎಂಬ ನಂಬಿಕೆ. ನಾನು ನಂಬುವವನಲ್ಲ. ಆದರೆ ನಂಬುವ ಹೆಂಗಸರ ಜೊತೆ ನಲವತ್ತು ವರ್ಷ ಸಂಘ ಕಟ್ಟಿದ್ದೇನೆ. ಅವರನ್ನು ದಡ್ಡರೆಂದು ತಿಳಿದ ದಿನವೆಲ್ಲ ದಡ್ಡನಾದವನು ನಾನೇ.

ಎರಡನೆಯ ಶನಿವಾರ ಸಂಕಪ್ಪ ಕತೆಯನ್ನೇ ಬದಲಾಯಿಸಿದ. ಊರೆಲ್ಲ ಸುತ್ತಿ "ಹೊಸ ಕತೆ, ಮದುವೆಯ ಕತೆ" ಎಂದು ತಮಟೆ ಬಾರಿಸಿ ಬಂದಿದ್ದ. ಜಲಜಾಕ್ಷಿ ಪರೀಕ್ಷೆ ಮಾಡುವವಳಂತೆ ಎದುರಿಗೇ ಕೂತಳು. ಹುಡುಗಿ ಪರದೆಯ ಮೇಲೆ ಸಾಯುತ್ತಿದ್ದಂತೆ ಸಂಕಪ್ಪ ಶುರುಮಾಡಿದ.

"ಇವಳ ಹೆಸರು ನೀಲಾವತಿ. ಮಲಾಯಕ್ಕೆ ಹೋದದ್ದು ಆಮೇಲೆ, ಹುಟ್ಟಿದ್ದು ನಮ್ಮ ಬೆಳ್ತಂಗಡಿಯಿಂದ ಮೂರು ಮೈಲು ಒಳಗೆ. ಹುಲ್ಲಿನ ಮಾಡು, ಹಿತ್ತಲಲ್ಲಿ ಒಂದು ಹುಣಿಸೆ ಮರ. ಹುಣಿಸೆಗೆ ಉಪ್ಪು ಹಚ್ಚಿ ಬಾವಿಕಟ್ಟೆಯಲ್ಲಿ ಕೂತು ನೆಕ್ಕುತ್ತಿದ್ದಳು. ಕೊಡಪಾನ ತುಂಬಿ ಚೆಲ್ಲಿದರೂ ಏಳುವವಳಲ್ಲ. ತಾಯಿ ಒಳಗಿಂದ ಬೈದರೆ ಬಾವಿಯೊಳಗೆ ಬಗ್ಗಿ 'ಓ' ಅನ್ನುತ್ತಿದ್ದಳು, ಬಾವಿಯೇ ಓಗೊಟ್ಟ ಹಾಗೆ ಕೇಳುತ್ತಿತ್ತು. ಹದಿನೇಳು ತುಂಬಲಿಲ್ಲ, ಜ್ವರ ಬಂತು. ಮೂರೇ ದಿನ."

ಅವಳು ಕುತ್ತಿಗೆ ಕಚ್ಚಿದಾಗ ಸಂಕಪ್ಪ, "ಹಸಿವು ಅಬ್ಬೇ, ಹಸಿವು. ಯಾರೂ ಬಡಿಸಲಿಲ್ಲ," ಎಂದ. ಮೊಳೆ ಹಿಡಿದ ಹುಡುಗ ಬಂದಾಗ, "ಇವನೂ ಸತ್ತವನೇ, ಇವನಿಗೂ ಮದುವೆ ಆಗಿಲ್ಲ. ಅದು ಮೊಳೆ ಅಲ್ಲ, ತಾಳಿ ಮಾಡಿಸಲಿಕ್ಕೆ ತಂದ ಲೋಹ," ಎಂದ. ಹನ್ನೆರಡನೆಯ ಡಬ್ಬಿ ಬಿಚ್ಚಿದಾಗಂತೂ ಅವನನ್ನು ಹಿಡಿಯುವವರಿಲ್ಲ. ಬಕೆಟ್ಟು ಹಿಡಿದು ಸಾಲಾಗಿ ಬಂದವರು ದಿಬ್ಬಣ. ರಬ್ಬರ್ ಹಾಲನ್ನು ದೊಡ್ಡ ಪಾತ್ರೆಗೆ ಸುರಿದದ್ದು ಧಾರೆ!

ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡು ಹೊರಬಂದರು. ಜಲಜಾಕ್ಷಿ ನನ್ನ ಕರಪತ್ರವನ್ನು ಮೊದಲ ಬಾರಿಗೆ ಕೇಳಿ ತೆಗೆದುಕೊಂಡಳು, ಮೂಗು ಒರೆಸಲಿಕ್ಕೆ. ಮೂರನೆಯ ಶನಿವಾರ, ನಾಲ್ಕನೆಯ ಶನಿವಾರ ತಟ್ಟಿಯನ್ನು ಗಂಡಸರ ಬದಿಗೆ ಸರಿಸಬೇಕಾಯಿತು. ಬಾವಾ ಸ್ಟೂಲಿನ ಗಿಡ್ಡ ಕಾಲನ್ನು ರಿಪೇರಿ ಮಾಡಿಸುವ ಮಾತಾಡಿದ.

ಕೊನೆಯ ಶನಿವಾರಕ್ಕೆ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ, ಜಲಜಾಕ್ಷಿ ಒಬ್ಬ ಹೆಂಗಸನ್ನು ಕರೆದುಕೊಂಡು ಟೆಂಟಿಗೆ ಬಂದಳು. ನರಿಕೊಂಬಿನ ಕಾವೇರಮ್ಮ. ಐವತ್ತು ದಾಟಿದವಳು, ಕೈಯಲ್ಲಿ ಹರಿವಾಣ, ಅದರಲ್ಲಿ ವೀಳ್ಯದೆಲೆ, ಅಡಿಕೆ. ಸಂಕಪ್ಪ ಇದ್ದಲ ಮಸಿಯಿಂದ ಹಲ್ಲುಜ್ಜುತ್ತಿದ್ದ. ಸಂಘದ ನೋಟೀಸು ಅಂಟಿಸಲು ನಾನೂ ಆಗ ಅಲ್ಲಿಗೆ ಹೋಗಿದ್ದೆ.

"ನನ್ನ ದೊಡ್ಡ ಮಗ ವೆಂಕಪ್ಪ," ಎಂದಳು ಕಾವೇರಮ್ಮ, ಬೇರೆ ಪೀಠಿಕೆ ಇಲ್ಲದೆ. "ಹೊಯ್ಗೆ ದೋಣಿಯಲ್ಲಿದ್ದವ. ಹೊಳೆಯಲ್ಲಿ ಹೋಗಿ ಎಂಟು ವರ್ಷ ಆಯ್ತು. ಸಣ್ಣವನಿಗೆ ಮೂರು ಸಂಬಂಧ ಬಂತು, ಮೂರೂ ಮುರಿಯಿತು. ದೊಡ್ಡವನದ್ದು ಆಗದೆ ಸಣ್ಣವನದ್ದು ಆಗ್ಲಿಕ್ಕಿಲ್ಲ ಅಂತ ಹೇಳಿದ್ರು. ನೀನು ಹೇಳುವ ಆ ಹುಡುಗಿ ನನಗೆ ಹಿಡಿಸಿದ್ದಾಳೆ. ಅವಳ ಮನೆಯವರು ಯಾರು ಅಂತ ಹೇಳು. ಹೆಣ್ಣು ಕೇಳ್ತೇನೆ."

ಸಂಕಪ್ಪನ ಬಾಯಲ್ಲಿದ್ದ ಮಸಿ ಗಂಟಲಿಗೆ ಹೋಯಿತು. ಕೆಮ್ಮಿ ಕೆಮ್ಮಿ, "ವಿಚಾರಿಸಿ ಹೇಳ್ತೇನೆ ಅಕ್ಕ," ಎಂದ.

"ನಾಳೆ ಆಟಕ್ಕೆ ಬರ್ತೇನೆ. ಆಗ ಹೇಳು." ಹೊರಟಳು. ಜಲಜಾಕ್ಷಿ ತಿರುಗಿ, "ಸರಿಯಾದ ಮನೆ ಹೇಳು ಅಣ್ಣ. ಅವಳು ಎಂಟು ವರ್ಷದಿಂದ ಹುಡುಕ್ತಾ ಇದ್ದಾಳೆ," ಎಂದಳು.

ಬಾವಾ ಟೆಂಟಿನೊಳಗಿಂದ ಎಲ್ಲ ಕೇಳಿಸಿಕೊಂಡಿದ್ದ. ನಗು ತಡೆಯಲಾರದೆ ಹೊರಗೆ ಬಂದ.

"ಎಂತ ಮಾರಾಯ, ಪಿಚ್ಚರಿನ ಹುಡುಗಿಗೇ ಸಂಬಂಧ ಬಂತಲ್ಲ! ಹೌದು ಅಂತ ಹೇಳಿಬಿಡು. ಆಟಿಯಲ್ಲಿ ನೋಡುವ ಅಂತ ಹೇಳು. ಆಟಿಗೆ ನಾವು ಇಲ್ಲಿ ಎಲ್ಲಿರ್ತೇವೆ?"

ಸಂಕಪ್ಪ ನಗಲಿಲ್ಲ.

"ಸಾವ್ಕಾರ್ರೆ, ನೀಲಾವತಿ ನನ್ನ ತಂಗಿ."

ಬಾವಾನ ನಗು ನಿಂತಿತು.

"ಮನೆ ಒಂದು ಬೇಕಿತ್ತು. ಕಣ್ಣು ಮುಚ್ಚಿದೆ, ನಮ್ಮದೇ ಬಂತು. ಅವಳು ಹೋದಾಗ ನಾನು ಮೇಳದಲ್ಲಿದ್ದೆ, ಕಾಪು ಕಡೆ ಕುಣೀತಾ ಇದ್ದೆ. ಬರುವಾಗ ಎಲ್ಲ ಮುಗಿದಿತ್ತು. ಆಮೇಲೆ ಮನೆಯೇ ಹೋಯ್ತು. ಮನೆ ಇಲ್ಲದವ ಕುಲೆಗೆ ಎಲ್ಲಿ ಎಲೆ ಹಾಕುದು? ಈಗ ನೋಡಿ, ಸ್ಟೂಲು ಉಳಿಸ್ಲಿಕ್ಕೆ ಅವಳನ್ನು ತಂದು ಪರದೆಗೆ ಹಾಕಿದೆ. ಮೂರು ಶನಿವಾರದಿಂದ ನನ್ನ ತಂಗಿಯ ಬಾಯಿಗೆ ಯಾರ್ಯಾರದ್ದೋ ರಕ್ತ."

ಬಾವಾ ಬೀಡಿ ಹಚ್ಚಿ ಹೇಳಿದ: "ನಾಳೆ ಒಂದು ದಿನ ಸುಧಾರಿಸು. ಸುಳ್ಳು ಅಂತ ಗೊತ್ತಾದರೆ ಹೆಂಗಸರು ಎದ್ದು ಹೋಗ್ತಾರೆ. ಹೋದರೆ ನಾನು ಎಂತ ಮಾಡ್ಲಿಕ್ಕೂ ಆಗುದಿಲ್ಲ. ಹೇಳಿದ ಮಾತು ಹೇಳಿದ್ದೇ."

ಬಾವಾ ಕೆಟ್ಟವನಲ್ಲ, ಆದರೆ ಧಣಿ.

ಶನಿವಾರ ಟೆಂಟು ಬಿರಿಯುವಷ್ಟು ಜನ. ಕಾವೇರಮ್ಮ ಎಲ್ಲರಿಗಿಂತ ಮುಂದೆ, ಸ್ಟೂಲಿನಿಂದ ಮೂರು ಮೊಳ ದೂರದಲ್ಲಿ, ಹರಿವಾಣ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ, ಹೆಣ್ಣು ನೋಡಲು ಬಂದ ಅತ್ತೆ ಹೇಗೆ ಕೂರಬೇಕೋ ಹಾಗೆ. ಸಂಕಪ್ಪ ಹುಣಿಸೆ ಮರ ಹೇಳಿದ, ಬಾವಿಕಟ್ಟೆ ಹೇಳಿದ, ಜ್ವರ ಹೇಳಿದ. ಹುಡುಗಿ ಗುಂಡಿಯಿಂದ ಎದ್ದಳು. ಮೊದಲ ಗಂಡಸು ಬಂದ. ಅವಳು ಬಾಯಿ ತೆರೆದಳು, ಹಲ್ಲು ಹೊಳೆಯಿತು.

ಸಂಕಪ್ಪ ಸುಮ್ಮನಾದ.

ಕುತ್ತಿಗೆಯಿಂದ ರಕ್ತ ಇಳಿಯಿತು. ಗಂಡಸರು ಸಿಳ್ಳೆ ಹಾಕಿದರು. "ಏ ಸಂಕಪ್ಪ, ನಿದ್ದೆ ಬಂತಾ?" ಅವನು ಕಾವೇರಮ್ಮನ ಮುಖ ನೋಡುತ್ತಿದ್ದ. ಹೆಣ್ಣು ಕೇಳಲು ಬಂದ ಹೆಂಗಸಿನ ಎದುರಿಗೆ ಯಾವ ಅಣ್ಣ ತಾನೆ ನನ್ನ ತಂಗಿ ಹೀಗೆ ಕಚ್ಚುತ್ತಾಳೆ ಎಂದು ಮೈಕಿನಲ್ಲಿ ಹೇಳುತ್ತಾನೆ?

"ಲೋಕಣ್ಣ, ನಿಲ್ಲಿಸು," ಎಂದ. ಪರದೆ ಬೆಳ್ಳಗಾಯಿತು, ದೀಪ ಹತ್ತಿತು. ಸಂಕಪ್ಪ ಸ್ಟೂಲಿನಿಂದ ಎದ್ದು ನಿಂತ.

"ಇವಳು ನೀಲಾವತಿ ಅಲ್ಲ. ಇವಳು ಯಾರೋ ಮಲಾಯದವಳು, ವೇಷ ಹಾಕಿದವಳು. ನೀಲಾವತಿ ಯಾರ ರಕ್ತವನ್ನೂ ಕುಡಿದವಳಲ್ಲ. ಒಂದು ಕೋಳಿ ಕೊಯ್ದರೂ ಆಚೆ ಮನೆಗೆ ಓಡುವವಳು. ನಾನು ಸುಳ್ಳು ಹೇಳಿದೆ. ಕೊನೆಯ ರೀಲಿನ ಮದುವೆಯೂ ಸುಳ್ಳು. ಅದು ಎಂತದೋ ಮರದ ಹಾಲು."

ಜಲಜಾಕ್ಷಿ ಎದ್ದಳು. ಅವಳು ಎದ್ದ ಮೇಲೆ ಬುಟ್ಟಿಗಳೆಲ್ಲ ಎದ್ದವು.

"ನಾಲ್ಕು ಶನಿವಾರ ನಮ್ಮನ್ನು ಮಂಗ ಮಾಡಿದಿಯಾ ಅಣ್ಣ? ಅಳಿಸಿದೆಯಲ್ಲ ನಮ್ಮನ್ನು! ಆ ಕಣ್ಣೀರು ವಾಪಸು ಕೊಡ್ತಿಯಾ?"

ಬಾವಾ ಬಾಗಿಲಲ್ಲಿ ನಿಂತು ತಲೆ ಮೇಲೆ ಕೈ ಹೊತ್ತ. ಹಿಂದಿನ ಸಾಲಿನವರು ಹೊರಗೆ ಹೆಜ್ಜೆ ಇಟ್ಟೂ ಆಗಿತ್ತು.

ಕಾವೇರಮ್ಮ ಮಾತ್ರ ಏಳಲಿಲ್ಲ.

"ಕೂತುಕೊಳ್ಳೆ ಜಲಜಾಕ್ಷಿ," ಎಂದಳು. ಆಮೇಲೆ ಸಂಕಪ್ಪನ ಕಡೆ ತಿರುಗಿ: "ಆ ಮೂಗು, ಆ ಬಟ್ಟೆ, ಬೆಳ್ತಂಗಡಿಯಲ್ಲಿ ಎಲ್ಲುಂಟು ಮಾರಾಯ? ನನಗೆ ಕಣ್ಣಿಲ್ವಾ? ನಾನು ಕೇಳ್ಲಿಕ್ಕೆ ಬಂದದ್ದು ಈ ಪರದೆಯ ಮೇಲಿನವಳನ್ನಲ್ಲ. ಬಾವಿಕಟ್ಟೆಯಲ್ಲಿ ಹುಣಿಸೆ ನೆಕ್ಕುವವಳನ್ನು. ಬಾವಿಯೊಳಗೆ ಬಗ್ಗಿ 'ಓ' ಅನ್ನುವ ಹುಡುಗಿಯನ್ನು ಕೂತಲ್ಲಿ ಯಾರೂ ಕಟ್ಟಿ ಹೇಳುದಿಲ್ಲ. ಕಂಡವರೇ ಹೇಳಬೇಕು. ಅವಳು ಇದ್ದಳಾ, ಇಲ್ವಾ?"

"ಇದ್ದಳು."

"ನಿನಗೆ ಎಂತ ಆಗ್ಬೇಕು?"

"ತಂಗಿ."

"ಬರಿ ಯಾವುದು?"

ಬರಿ ಎಂದರೆ ಒಂದೇ ಜಾತಿಯೊಳಗಿನ ಬಳಿ, ಗೋತ್ರದ ಹಾಗೆ. ಒಂದೇ ಬರಿಯವರು ಮದುವೆಯಾಗುವಂತಿಲ್ಲ, ಸತ್ತ ಮೇಲೂ. ಜಾತಿಯಂತೂ ಸರಿಯೇ ಸರಿ. ಹೇಳುವವನ ಮನೆಯ ಹುಡುಗಿಯೇ ಇರಬೇಕೆಂದು ಊಹಿಸಿ, ಸಂಕಪ್ಪನ ಜಾತಿಯನ್ನು ಅವಳು ಮೊದಲೇ ವಿಚಾರಿಸಿಕೊಂಡು ಬಂದಿದ್ದಳು. ಬದುಕಿದವರ ನಡುವೆಯೇ ನಾವು ಜಾತಿ ಒಡೆಯಲಾಗಲಿಲ್ಲ, ಸತ್ತವರನ್ನು ಏನೆಂದು ದೂರುವುದು.

"ಬಂಗೇರ," ಎಂದ ಸಂಕಪ್ಪ.

"ನಮ್ಮದು ಸಾಲಿಯಾನ್. ಆಗ್ತದೆ." ಹರಿವಾಣವನ್ನು ಮುಂದೆ ಚಾಚಿದಳು. "ತೆಗೆದುಕೋ."

ಸಂಕಪ್ಪ ಮೈಕನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡು ವೀಳ್ಯ ತೆಗೆದುಕೊಂಡ. ಅವನು ಮೂಗು ಎಳೆದುಕೊಳ್ಳುವ ಶಬ್ದ ಟೆಂಟಿಗೆಲ್ಲ ಕೇಳಿಸಿತು.

ಮದುವೆ ಕುದುರಿದ ಜಾಗದಿಂದ ಎದ್ದು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಜಲಜಾಕ್ಷಿ ಬುಟ್ಟಿಯನ್ನು ಕೆಳಗಿಟ್ಟಳು.

"ಓ ಬ್ಯಾರಿ, ಎಂತ ನೋಡ್ತಾ ನಿಂತಿದ್ದೀರಿ? ರೀಲು ಹಾಕಿಸಿ! ಕಚ್ಚುದು ಗಿಚ್ಚುದು ಎಂತದೂ ಬೇಡ, ಸೀದಾ ಕೊನೆಯದ್ದು ಹಾಕಿ. ಧಾರೆ ಆಗಬೇಡ್ವಾ?"

ಲೋಕನಾಥ ಹನ್ನೆರಡನೆಯ ಡಬ್ಬಿ ಹಾಕಿದ. ಬಕೆಟ್ಟಿನವರು ಬಂದರು, ಮರದ ಹಾಲು ಬಂತು, ಪಾತ್ರೆಗೆ ಸುರಿಯಿತು. ಸಂಕಪ್ಪ ಮೈಕನ್ನು ಕಂಕುಳಲ್ಲೇ ಇಟ್ಟುಕೊಂಡು ನೋಡಿದ. ಹೆಂಗಸರು ಕೈಯಲ್ಲಿದ್ದ ಚರುಮುರಿಯನ್ನು ಅಕ್ಷತೆಯ ಹಾಗೆ ಪರದೆಗೆ ಎಸೆದರು. ಪಿಶಾಚಿಯನ್ನು ನೋಡಲು ಬಂದ ಗಂಡಸರು ಬೈದುಕೊಂಡು, ಆಮೇಲೆ ಅವರೂ ಎಸೆದರು.

ಮದುವೆ ಆಟಿ ತಿಂಗಳಲ್ಲಿ ನಡೆಯಿತು, ನರಿಕೊಂಬಿನಲ್ಲಿ, ಕಾವೇರಮ್ಮನ ಅಂಗಳಕ್ಕೆ ಸೋಗೆಯ ಚಪ್ಪರ ಹಾಕಿಸಿ. ನಾನು ಸಾಕ್ಷಿಯಲ್ಲದ ಭಾಗ ಇದೇ. ಕುಲೆ ಮದುವೆಯನ್ನು ಮದುವೆಯಾಗದವರು ನೋಡಬಾರದಂತೆ. ನನಗಿನ್ನೂ ಆಗಿರಲಿಲ್ಲ. ಸಂಘದ ಕಾರ್ಯದರ್ಶಿ ಎಂದರೂ ಜಲಜಾಕ್ಷಿ ಬಿಡದೆ ಬೇಲಿಬಾಗಿಲ ದಣಪೆಯ ಹೊರಗೆ ಕೂರಿಸಿದಳು. ಒಳಗೆ ನಡೆದದ್ದನ್ನು ಬಾವಾ ಬಂದು ಹೇಳಿದ. ಅವನು ಹೆಣ್ಣಿನ ಕಡೆಯವನಾಗಿ, ಟೊಪ್ಪಿ ಹಾಕಿಕೊಂಡು, ಒಂದು ಸೀರೆ ಹಿಡಿದು ಬಂದಿದ್ದ. ಹುಡುಗನಿಗೆ ಕಾವೇರಮ್ಮನ ಮನೆಯ ಮಣೆ ಇಟ್ಟರಂತೆ. ಹುಡುಗಿಗೆ ತೌರಿನಿಂದ ಆಸನ ಬರಬೇಕು, ತೌರೇ ಇಲ್ಲ. ಆಗ ಬಾವಾ ಲೋಕನಾಥನನ್ನು ಮಳೆಗಾಲಕ್ಕೆ ಟೆಂಟು ಇಟ್ಟಿದ್ದ ಗೋದಾಮಿಗೆ ಓಡಿಸಿ ಸ್ಟೂಲು ತರಿಸಿದ. ಅದರ ಮೇಲೆ ಸೀರೆ, ಬಳೆ, ಒಂದು ಉಂಡೆ ಹುಣಿಸೆ, ಉಪ್ಪು. ಗಿಡ್ಡ ಕಾಲಿಗೆ ಸಂಕಪ್ಪನೇ ಚಿಪ್ಪಿನ ಚೂರು ಕೊಟ್ಟನಂತೆ. ಧಾರೆಯಾಯಿತು, ಎಲೆ ಹಾಕಿ ಬಡಿಸಿದರು. ಕೋಳಿ ಸಾರನ್ನು ನನಗೂ ಹೊರಗೆ ಕಳಿಸಿದರು. ಚೆನ್ನಾಗಿತ್ತು.

ಕಾವೇರಮ್ಮನ ಸಣ್ಣ ಮಗನಿಗೆ ಅದೇ ವರ್ಷ ಮಾಣಿ ಎಂಬ ಊರಿನಿಂದ ಹೆಣ್ಣು ಬಂತು. ಎಂಟು ವರ್ಷ ಹುಡುಕಿದವರಿಗೆ ಒಮ್ಮೆ ಬರಲೇಬೇಕಲ್ಲ ಎಂದು ನಾನು. ನಿಮ್ಮ ಕೂಲಿ ಹೋರಾಟವೂ ಹಾಗೆಯಾ ಎಂದು ಜಲಜಾಕ್ಷಿ.

ಕುಲೆ ಮದುವೆಯ ದಿನ ಊಟ ಮುಗಿದು ಎಲ್ಲರೂ ಹೊರಡುವಾಗ ಸಂಕಪ್ಪ ಸ್ಟೂಲನ್ನು ತೊಳೆದು ತಂದು ಬಾವಾನ ಎದುರು ಇಟ್ಟ. "ಆ ಶನಿವಾರ ಅರ್ಧ ಆಟವೂ ಆಗ್ಲಿಲ್ಲ. ಮಾರುದಾದರೆ ಮಾರಿ ಸಾವ್ಕಾರ್ರೆ."

ಬಾವಾ ಸ್ಟೂಲನ್ನು ನೋಡಿದ, ಮುಟ್ಟಲು ಹೋಗಿ ಕೈ ಹಿಂದೆ ತೆಗೆದ.

"ಕುಲೆ ಮದುಮಗಳು ಕೂತ ಸ್ಟೂಲು ಮಾರಾಯ. ಯಾವ ನಾಯಿ ಕೊಂಡುಕೊಳ್ತದೆ ಅದನ್ನು? ನಾನು ಕೂರ್ಲಿಕ್ಕಿಲ್ಲ, ಬಿಸಾಡ್ಲಿಕ್ಕೂ ಧೈರ್ಯ ಇಲ್ಲ. ನಿನ್ನ ತಂಗಿ, ನೀನೇ ಕೂತು ಸಾಯಿ. ನವೆಂಬರಿನಲ್ಲಿ ಮೂಡಬಿದಿರೆಗೆ ಲಾರಿ ಹೊರಡ್ತದೆ."

ನವೆಂಬರಿನಲ್ಲಿ ಲಾರಿ ಹೊರಟಾಗ ನಾನು ಪಾಣೆಮಂಗಳೂರಿನ ಸೇತುವೆಯ ಬದಿಯಲ್ಲಿ ನಿಂತಿದ್ದೆ. ಮೇಲೆ ಟೆಂಟಿನ ಬಟ್ಟೆಯ ಮೂಟೆಗಳ ನಡುವೆ ಸಂಕಪ್ಪ ಸ್ಟೂಲನ್ನು ಅಪ್ಪಿಕೊಂಡು ಕೂತಿದ್ದ. ಎಲೆ ಅಡಿಕೆ ಉಗುಳಲು ಬಗ್ಗಿದವನು ನನ್ನನ್ನು ಕಂಡು ಕೂಗಿದ: "ಏ ಲೀಡರ್, ಈ ಸಲ ಜಾವಾದಿಂದ ಒಂದು ಬರ್ತಾ ಉಂಟಂತೆ! ಬರೀ ತಲೆ, ಕರುಳು ನೇತಾಡಿಕೊಂಡು ಹಾರ್ತದಂತೆ!"

"ಅದಕ್ಕೆ ಮನೆ ಎಲ್ಲಿ ಹೇಳ್ತಿ?"

"ಮಲಾಯದವಳ ಹಾಗೆ ಅದಕ್ಕೂ ನಮ್ಮಲ್ಲಿ ಮನೆ ಹುಡುಕ್ಲಿಕ್ಕೆ ಹೋಗುದಿಲ್ಲ ಮಾರಾಯ. ಜಾವಾದಲ್ಲೇ ಇರ್ಲಿ!"